ಡೀಸೆಲ್ ಮುಳ್ಳು

ಕಬ್ಬಿನ ರವದಿಯ ಬೆಂಕಿಗೆ ತಾಳ್ಮೆಯಿಲ್ಲ. ಭುಗ್ಗನೆ ಹೊತ್ತಿ ಮುಖ ಸುಟ್ಟು, ಎರಡು ಮಾತು ಮುಗಿಯುವುದರೊಳಗೆ ಬೂದಿಯಾಗುತ್ತದೆ. ಅದಕ್ಕೇ ನಮ್ಮ ಅಕ್ಕೋಳದಲ್ಲಿ ಕಬ್ಬು ಕಡಿಯುವ ದಿನ ಬಂದಾಗ, ಹೊಲದ ಬದುವಿನ ಮೇಲೆ ಚಳಿ ಕಾಯಿಸಿಕೊಳ್ಳಲು ಕೂತರೆ, ಕೆಳಗೊಂದು ಜಾಲಿ ಕೊರಡು ಇಟ್ಟಿರುತ್ತೇವೆ. ಅದು ನಿಧಾನಕ್ಕೆ ಹಿಡಿದು ಬೆಳಗಿನ ತನಕ ಕೆಂಡವಾಗಿ ಉಳಿಯುತ್ತದೆ. ಹೋದ ಚಳಿಗಾಲ ಅಂಥ ಒಂದು ಕೊರಡಿನ ಸುತ್ತ ಕೂತಿದ್ದಾಗ ಅಕ್ಕನ ಮಗ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ. ಎತ್ತರದ, ಏಳು ಸೀಟಿನ, ಕಪ್ಪು ಗಾಡಿ. ನಂಬರು ಎಂಎಚ್ 09, ಅಂದರೆ ಕೊಲ್ಹಾಪುರದ್ದು.

"ಮಾಮಾ, ಒಬ್ಬನ ಮಾಲಕ. ಎಂಬತ್ತೆಂಟ ಸಾವಿರ ಕಿಲೋಮೀಟರ್ ಅಷ್ಟ ಓಡೈತಿ. ಮೂರ ಲಕ್ಷ ಅಂತಾನ, ಜಗ್ಗಿದ್ರ ಎರಡೂ ಎಂಬತ್ತಕ್ಕ ಬರತಾನ."

ಅಪ್ಪ ಕಂಬಳಿಯೊಳಗೇ ನಕ್ಕ. "ಹೇಳು. ನಿನ್ನ ಪುರಾಣ ಹೇಳು ಅವಂಗ. ಚಳಿಗಿ ಛಲೋ ಆಗತೈತಿ."

ಹೇಳಿದೆ. ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಂಡ ಗಾಡಿ ಯಾವ ಕಂಪನಿಯದು ಎಂದು ಮಾತ್ರ ಹೇಳುವುದಿಲ್ಲ. ಹತ್ತು ವರ್ಷ ಯಾರ್ಯಾರದೋ ಕೈಯಲ್ಲಿ ದುಡಿದು ಬಂದ ಯಂತ್ರ ಕೆಟ್ಟರೆ ಮಾಡಿದವನ ಹೆಸರು ಕೆಡಿಸುವುದು ಸರಿಯಲ್ಲ.

ನಮ್ಮ ಕಡೆ ಮನೆಗೊಂದು ದೊಡ್ಡ ಗಾಡಿ ಬೇಕು ಅನ್ನುವ ಹಂಬಲ ಹಳೆಯದು. ಮೊದಲು ನಿಪ್ಪಾಣಿಯ ತಂಬಾಕು ವ್ಯಾಪಾರಿಗಳ ಜೀಪು. ಆಮೇಲೆ 1994ರಲ್ಲಿ ಸುಮೊ ಬಂತು. ಕುಸ್ತಿಯ ಸೀಮೆಯವರಾದ ನಾವು ಅದು ಜಪಾನಿನ ಪೈಲ್ವಾನರ ಹೆಸರು ಎಂದೇ ತಿಳಿದಿದ್ದೆವು. ಅದು ಟಾಟಾದವರ ಸುಮಂತ್ ಮೂಳಗಾಂವಕರ್ ಎಂಬ ದೊಡ್ಡ ಅಧಿಕಾರಿಯ ಹೆಸರು, ಅಡ್ಡಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 2000ದಿಂದ 2005ರ ತನಕ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಇದ್ದವನ ಮನೆಗೆ ಹೆಣ್ಣು ಕೊಡಲು ಯಾರೂ ಹಿಂದೆ ಮುಂದೆ ನೋಡುತ್ತಿರಲಿಲ್ಲ. ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಹಳೆಯದಕ್ಕೆ ಕೊಲ್ಹಾಪುರ ಹತ್ತಿರವೇ ಇತ್ತು.

2019ರ ಡಿಸೆಂಬರ್. ಕೈಯಲ್ಲಿ ಕಬ್ಬಿನ ದುಡ್ಡು, ಸ್ವಲ್ಪ ಸೊಸೈಟಿ ಸಾಲ. 2010ರ ಮಾಡೆಲ್, ಡೀಸೆಲ್, ಮೀಟರಿನಲ್ಲಿ 92,000. ಮಾರುವವನು ಮೂರೂ ಅರವತ್ತು ಹೇಳಿದ, 3,10,000ಕ್ಕೆ ಮುಗಿಸಿದ. ಅಷ್ಟು ಬೇಗ ಐವತ್ತು ಸಾವಿರ ಇಳಿದದ್ದು ನನ್ನ ಮಾತಿನ ಚಾತುರ್ಯದಿಂದ ಎಂದೇ ನಂಬಿದ್ದೆ.

ಈಗ ನೆನೆಸಿಕೊಂಡರೆ ಅವತ್ತಿನ ಒಂದೊಂದು ಸಂಗತಿಯೂ ಬಾಯಿಬಿಟ್ಟು ಕೂಗುತ್ತಿತ್ತು. ನಾವು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. "ಈಗಷ್ಟ ತೊಳಸ್ಕೊಂಡು ಬಂದೇನ್ರಿ" ಅಂದ. ಹಳೆಯ ಡೀಸೆಲ್ ಎಂಜಿನ್ನಿನ ನಿಜ ತಿಳಿಯುವುದು ರಾತ್ರಿಯಿಡೀ ತಣ್ಣಗೆ ನಿಂತು ಬೆಳಿಗ್ಗೆ ಮೊದಲ ಸಲ ಚಾಲೂ ಆಗುವಾಗ. ಎಷ್ಟು ಸಲ ಸೆಲ್ಫ್ ತಿರುಗಿತು, ಹೊಗೆ ಯಾವ ಬಣ್ಣದ್ದು, ಅಲುಗಾಟ ಎಷ್ಟು ಹೊತ್ತು, ಎಲ್ಲ ಆಗಲೇ ಕಾಣುತ್ತದೆ. ಅದನ್ನು ಅವನು ನಮಗೆ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಓಡಿಸಿ ನೋಡಿದ್ದು ಕಾಗಲದಿಂದ ಕೊಗನೊಳಿ ತನಕ, ಹೆದ್ದಾರಿಯ ಮೇಲೆ. ಅಲ್ಲಿ ಏರಿಲ್ಲ, ಇಳಿವಿಲ್ಲ, ಬೀಸಿ ಹೊಡೆಯುವ ಗಾಳಿ. ಅಂಥ ರಸ್ತೆಯಲ್ಲಿ ರೋಗಿಷ್ಟ ಎಂಜಿನ್ನೂ ಮದುಮಗನ ಹಾಗೆ ಓಡುತ್ತದೆ. ಒಳಗೆ ಕೂತರೆ ಘಮ ಘಮ ಮಲ್ಲಿಗೆ ವಾಸನೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು, ಹಿಂದೆ ಎರಡು, ಒಟ್ಟು ಮೂರು ಸುಗಂಧದ ಬಾಟಲಿ. ಶೋಕಿಯ ಮನುಷ್ಯ ಅಂದುಕೊಂಡೆ.

ಅಪ್ಪನನ್ನು ಕರೆದುಕೊಂಡು ಹೋಗಿರಲಿಲ್ಲ. ಮನೆಗೆ ತಂದಮೇಲೆ ಅವನು ಸುತ್ತ ಒಂದು ಸುತ್ತು ಹಾಕಿ, "ಚಿಂಚಲಿ ಜಾತ್ರ್ಯಾಗ ಎತ್ತ ಕೊಳ್ಳಾಕ ಹೋದ್ರ ಬಾಯಿ ಬಿಡಿಸಿ ಹಲ್ಲ ಎಣಸ್ತೀವಿ. ನಾಕ ಹೆಜ್ಜಿ ನಡಸ್ತೀವಿ, ಗೊರಸು ಎತ್ತಿ ನೋಡ್ತೀವಿ. ನೀ ಏನ್ ನೋಡಿದಿ?" ಅಂದ.

"ಬಣ್ಣ ಛಲೋ ಐತಿ ಅಪ್ಪಾ."

"ಬಾಯಿಗೂಡಿದ ಎತ್ತಿಗಿ ಕೋಡಿಗಿ ಬಣ್ಣ ಹಚ್ಚಿ ಮಾರತಾರ."

ಅವತ್ತು ಸಿಟ್ಟು ಬಂದಿತ್ತು.

ಬನದ ಹುಣ್ಣಿಮೆ ಆ ವರ್ಷ ಜನವರಿ 10ಕ್ಕೆ, ಶುಕ್ರವಾರ ಬಂದಿತ್ತು. ಸವದತ್ತಿ ಯಲ್ಲಮ್ಮನಿಗೆ ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ, ತುಂಬಿಸುವುದು ಆಯಿಯ ಹರಕೆ. ಅಷ್ಟು ವರ್ಷ ಬಸ್ಸಿನಲ್ಲೋ, ಊರವರ ಕ್ರೂಸರಿನಲ್ಲೋ ಮೈ ಮುದ್ದೆ ಮಾಡಿಕೊಂಡು ಹೋಗಿಬಂದಿದ್ದಳು. ಈ ಸಲ ಮೊಮ್ಮಗನ ಗಾಡಿ. ಗುರುವಾರ ನಸುಕಿನ ನಾಲ್ಕಕ್ಕೆ ಹೊರಟೆವು. ಏಳು ಸೀಟಿನಲ್ಲಿ ಒಂಬತ್ತು ಮಂದಿ, ಮೇಲೆ ಕ್ಯಾರಿಯರ್ ತುಂಬ ಬುತ್ತಿ, ಹಾಸಿಗೆ, ಒಲೆ ಹೂಡಲು ಕಟ್ಟಿಗೆ. ಆಯಿ ನನ್ನ ಪಕ್ಕ, ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪಡ್ಡಲಗಿ ಇಟ್ಟುಕೊಂಡು ಕೂತಿದ್ದಳು. ಓದು ಬರಹ ಬಾರದ ಆಕೆಗೆ ಡ್ಯಾಶ್‌ಬೋರ್ಡಿನ ಹಸಿರು ಕೆಂಪು ದೀಪಗಳೇ ಒಂದು ಜಾತ್ರೆ.

ನಿಪ್ಪಾಣಿ ದಾಟಿತು. ಬೆಳಗಾವಿಯ ಕಡೆ ಹೋಗುವವರಿಗೆ ಊರು ಬಿಟ್ಟ ಸ್ವಲ್ಪದರಲ್ಲೇ ತವಂದಿ ಘಾಟ್ ಎದುರಾಗುತ್ತದೆ. ಅದಕ್ಕೆ ಅಂಟಿಕೊಂಡೇ ಸ್ತವನಿಧಿಯ ಜೈನ ಕ್ಷೇತ್ರ. ಸಹ್ಯಾದ್ರಿಯ ಘಾಟಿಗಳನ್ನು ಕಂಡವರು ಇದನ್ನು ಘಾಟ್ ಎನ್ನಲಿಕ್ಕಿಲ್ಲ, ಆದರೆ ತುಂಬಿದ ಲಾರಿಗಳಿಗೆ ಇದು ಸಾಕು. ಕಬ್ಬಿನ ಟ್ರ್ಯಾಕ್ಟರ್ ಒಂದು ಎರಡು ಟ್ರೇಲರ್ ಕಟ್ಟಿಕೊಂಡು ತೆವಳುತ್ತಿತ್ತು. ಅದರ ಹಿಂದೆ ಲಾರಿ, ಲಾರಿಯ ಹಿಂದೆ ನಾವು. ಎರಡನೇ ಗೇರು, ಒಮ್ಮೊಮ್ಮೆ ಮೊದಲನೆಯದು.

"ಆ ಮುಳ್ಳ ಯಾಕೊ ಮ್ಯಾಲ ಹೊಂಟೈತಿ?" ಆಯಿ ಕೇಳಿದಳು.

ನನ್ನ ಕಣ್ಣು ಲಾರಿಯ ಹಿಂದಿನ ದೀಪದ ಮೇಲಿತ್ತು. "ಅದು ಡೀಸೆಲ್ ಮುಳ್ಳ ಆಯಿ. ಸುಮ್ನ ಕೂಡು."

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನಷ್ಟಕ್ಕೇ ಅನ್ನುವ ಹಾಗೆ, "ಗಾಡಿ ಓಡಿಸಿದಂಗ ಡೀಸೆಲ್ ಹೆಚ್ಚಾಗತೈತೇನೊ?" ಅಂದಳು.

ಹಿಂದಿನ ಸೀಟಿನವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಗುತ್ತ ಕೆಳಗೆ ನೋಡಿದೆ. ಕಾವಿನ ಮುಳ್ಳು ಕೆಂಪು ಗೆರೆಗೆ ತಾಗಿ ನಿಂತಿತ್ತು. ನಾನು ಬ್ರೇಕಿಗೆ ಕಾಲು ತರುವುದರೊಳಗೆ ಬಾನೆಟ್ಟಿನ ಎರಡೂ ಅಂಚಿನಿಂದ ಉಗಿ ಎದ್ದು ಗಾಜು ಮುಚ್ಚಿತು. ಕಾದ ಕೂಲೆಂಟಿಗೆ ಒಂದು ಸಿಹಿ ವಾಸನೆ ಇರುತ್ತದೆ, ಬೆಲ್ಲದ ಪಾಕ ಒಲೆಗೆ ಚೆಲ್ಲಿದಂತೆ. ಮಲ್ಲಿಗೆಯ ಜೊತೆ ಅದು ಕಲೆತದ್ದು ಇನ್ನೂ ನನ್ನ ಮೂಗಿನಲ್ಲಿದೆ.

ಗಾಡಿ ಬದಿಗೆ ಬಂತು. ಕಾಕಾ ಧಡ ಧಡ ಇಳಿದು ಬಾನೆಟ್ ಎತ್ತಿ, ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಹಿಂದೆ ನಿಂತ ಲಾರಿಯ ಡ್ರೈವರು ಕೂಗಿಕೊಂಡೇ ಓಡಿಬಂದ: "ಏ ಕಾಕಾ, ಮುಟ್ಟಬ್ಯಾಡ್ರಿ! ಕುಕ್ಕರ್ ಮುಚ್ಚಳ ಸೀಟಿ ಹೊಡಿಯೋ ಮುಂದ ತಗದಂಗ ಆಗತೈತಿ, ಮಾರಿ ಸುಡತೈತಿ." ಮುಚ್ಚಿದ ರೇಡಿಯೇಟರಿನಲ್ಲಿ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಗಳಿಗೆಗೆ ಒತ್ತಡ ಹೋಗಿ ಒಮ್ಮೆಲೇ ಕುದಿದು ಮೇಲೆ ಹಾರುತ್ತದೆ. ಕಾಕಾನ ಮುಖ ಉಳಿದದ್ದು ಆ ಹೆಸರು ಗೊತ್ತಿಲ್ಲದ ಡ್ರೈವರಿನಿಂದ. ಮುಕ್ಕಾಲು ತಾಸು ಹಾಗೇ ಬಿಡಿ, ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ ಎಂದು ಹೇಳಿ ಅವನು ಹೋದ.

ನಾವು ಬಿಟ್ಟೆವು. ರಸ್ತೆಯ ಬದಿಗೆ ಕಂಬಳಿ ಹಾಸಿ, ಯಲ್ಲಮ್ಮನ ಗುಡ್ಡದಲ್ಲಿ ತಿನ್ನಬೇಕಿದ್ದ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯ, ಶೇಂಗಾ ಹಿಂಡಿಯನ್ನು ತವಂದಿ ಘಾಟಿನಲ್ಲೇ ಬಿಚ್ಚಿದೆವು. ಅಪ್ಪ ರೊಟ್ಟಿ ಮುರಿಯುತ್ತ, "ಈ ಹೆದ್ದಾರ್ಯಾಗ ನಾ ಕೂತಿದ್ದು ಇದು ಎರಡನೇ ಸಲ" ಅಂದ. 1981ರಲ್ಲಿ ರೈತ ಮುಖಂಡ ಶರದ್ ಜೋಶಿಯವರ ಹಿಂದೆ ತಂಬಾಕು ಬೆಳೆಗಾರರು ನಿಪ್ಪಾಣಿಯಲ್ಲಿ ಈ ಹೆದ್ದಾರಿ ತಡೆದಿದ್ದರು, ಏಪ್ರಿಲ್‌ನಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಅಪ್ಪ ಆಗ ಹುಡುಗ, ಅವರ ನಡುವೆ ಕೂತವನು. "ಅವತ್ತ ತಂಬಾಕಿನ ದರಕ್ಕ ಕೂತಿದ್ವಿ. ಇವತ್ತ ನಿನ್ನ ಗಾಡಿಗಿ." ಯಾರೂ ನಗಲಿಲ್ಲ.

ಭೋಜದ ಕಡೆಯ ಒಂದು ಕ್ರೂಸರ್ ನಿಂತಿತು. ಅದರ ತುಂಬ ಯಲ್ಲಮ್ಮನ ಮಂದಿ. ಜಾಗ ಇರಲಿಲ್ಲ, ಆದರೂ ಮುದುಕಿಯ ಕೈಯಲ್ಲಿ ಪಡ್ಡಲಗಿ ಕಂಡು ಇಬ್ಬರು ಹುಡುಗರು ಇಳಿದು ಮೇಲೆ ಹತ್ತಿದರು. ಆಯಿ, ಅವ್ವ ಹೋದರು. ಕ್ರೂಸರ್ ಹೊರಡುವಾಗ ಒಳಗಿಂದ "ಉಧೋ ಉಧೋ" ಕೇಳಿಸಿತು. ಆಯಿ ಕಿಟಕಿಯಿಂದ ನನ್ನತ್ತ ನೋಡಿದಳು, ಏನೂ ಅನ್ನಲಿಲ್ಲ.

ನನ್ನ ಪುರಾಣ ಇಲ್ಲಿಗೆ ಬಂದಾಗ ಅಕ್ಕನ ಮಗ ಕೇಳಿದ: "ಮಾಮಾ, ನೀರ ಕಮ್ಮಿ ಆಗಿರಬೇಕು, ಅಷ್ಟ. ನೀರ ಹಾಕಿದ್ರ ಮುಗೀತಿತ್ತಲ್ಲ?"

ನಾನೂ ಹಾಗೇ ಅಂದುಕೊಂಡಿದ್ದೆ. ಆ ಅನಿಸಿಕೆಯ ಬೆಲೆ 9,500 ರೂಪಾಯಿ. ಎಳೆದು ತಂದ ಗಾಡಿಗೆ ಹತ್ತಿರದ ಒಬ್ಬ ಫಿಟ್ಟರ್ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಎರಡೇ ದಿನದಲ್ಲಿ ಹೊಸದು ಹಾಕಿಕೊಟ್ಟ. ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ ಅದು. ಅದರ ತೂತುಗಳಲ್ಲಿ ಒಂದರಿಂದ ನೀರು, ಒಂದರಿಂದ ಆಯಿಲ್ ಹೋಗುತ್ತದೆ, ದೊಡ್ಡ ನಾಲ್ಕರಲ್ಲಿ ಬೆಂಕಿ. ಮೂರೂ ಒಂದಕ್ಕೊಂದು ಬೆರೆಯದಂತೆ ಕಾಯುವುದು ಅದರ ಕೆಲಸ. ಮೂವರು ಸವತಿಯರ ಮನೆ ಇದ್ದಂತೆ. ಗ್ಯಾಸ್ಕೆಟ್ ಹೊಸದಾಯಿತು. ಅದು ಯಾಕೆ ಸುಟ್ಟಿತು ಎಂದು ಮಾತ್ರ ಯಾರೂ ನೋಡಲಿಲ್ಲ. ಮಾರ್ಚಿನ ಮೊದಲ ವಾರಕ್ಕೆ ರೇಡಿಯೇಟರಿನಲ್ಲಿ ಮತ್ತೆ ಗುಳ್ಳೆ ಏಳತೊಡಗಿತು. ಆಯಿಲಿನ ಕಡ್ಡಿ ಎಳೆದರೆ ತುದಿಗೆ ಮಜ್ಜಿಗೆಯಂಥ ನೊರೆ.

ಆಗ ಸಿಕ್ಕವನು ನಿಪ್ಪಾಣಿಯ ಒಬ್ಬ ಹಳೆಯ ಮೇಸ್ತ್ರಿ. ಅವನು ಪಾನಾ ಹಿಡಿಯುವ ಮೊದಲು ಒಂದು ತಾಸು ಗಾಡಿಯ ಸುತ್ತಲೇ ತಿರುಗಿದ. ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಂಗೈ ಅಡ್ಡ ಹಿಡಿದ. ಬ್ಯಾಕ್ ಕಂಪ್ರೆಷನ್ ನೋಡುವ ಪರಿ ಅದು. ಪಿಸ್ಟನ್ ರಿಂಗು ಸವೆದಿದ್ದರೆ ಅಲ್ಲಿಂದ ರೈಲಿನಂತೆ ಹೊಗೆ ನೂಕುತ್ತದೆ. "ಕೆಳಗಿನ ಎಂಜಿನ್ ಛಲೋ ಐತ್ರಿ, ಜೀವ ಐತಿ" ಅಂದ. ಥರ್ಮೋಸ್ಟಾಟ್ ಇರಬೇಕಾದ ಜಾಗ ಬಿಚ್ಚಿದರೆ ಅದೇ ಇರಲಿಲ್ಲ. ಹಿಂದಿನ ಮಾಲೀಕ ಕಾವು ಏರುವುದನ್ನು ಮರೆಮಾಚಲು ತೆಗೆಸಿಹಾಕಿದ್ದ. ಮುಂದಿನ ಫ್ಯಾನನ್ನು ಕೈಯಿಂದ ತಿರುಗಿಸಿದರೆ ಗಿರಗಿಟ್ಲೆಯಂತೆ ತಿರುಗಿತು. ಕಾದಾಗ ಬಿಗಿಯಾಗಿ ಹಿಡಿಯಬೇಕಾದ ಅದರ ಕ್ಲಚ್ಚು ಸತ್ತಿತ್ತು. ಸಮತಟ್ಟಿನಲ್ಲಿ ಓಡುವ ಗಾಳಿಯೇ ಸಾಕಾಗುತ್ತಿತ್ತು. ಘಾಟಿನಲ್ಲಿ ಲಾರಿಯ ಹಿಂದೆ ತೆವಳುವಾಗ ಗಾಳಿಯೂ ಇಲ್ಲ, ಫ್ಯಾನೂ ಇಲ್ಲ. ಕಾಗಲ–ಕೊಗನೊಳಿ ರಸ್ತೆಯ ಗುಟ್ಟು ಆಗ ತಿಳಿಯಿತು.

ರೇಡಿಯೇಟರ್ ಹೊರಗೆ ಬಂತು. ಅದರ ಜಾಲರಿಯ ನಡುವೆ ಕಂದು ಬಣ್ಣದ ಏನೋ ಗಟ್ಟಿಯಾಗಿ ಕೂತಿತ್ತು. ಮೇಸ್ತ್ರಿ ಸ್ಕ್ರೂ ಡ್ರೈವರಿನಿಂದ ಕೆರೆದು, ಬೆರಳ ನಡುವೆ ತಿಕ್ಕಿ, ಏನೂ ಹೇಳದೆ ಡ್ರೈವರ್ ಸೀಟಿನ ಬಾಗಿಲು ತೆಗೆದ. ಸೀಟ್ ಬೆಲ್ಟ್ ಹಿಡಿದು ಎಳೆದ. ನಾವು ದಿನಾ ಎಳೆಯುವಷ್ಟಲ್ಲ, ಪೂರ್ತಿ, ಇನ್ನು ಬರುವುದೇ ಇಲ್ಲ ಅನ್ನುವ ತನಕ. ಬೆಲ್ಟು ಕಪ್ಪಗಿತ್ತು, ಕಪ್ಪಗಿತ್ತು, ಕೊನೆಯ ಒಂದು ಗೇಣು ಮಾತ್ರ ಮಣ್ಣಿನ ಬಣ್ಣ. ಮುಟ್ಟಿದರೆ ಒಣಗಿದ ಬಾಳೆ ಪಟ್ಟೆಯಂತೆ ಗಡಸು. ಅದರ ಅಡ್ಡಕ್ಕೆ ಗೆರೆ ಎಳೆದ ಹಾಗೆ ನೀರು ನಿಂತ ಗುರುತು.

"ಸರ, ಇದು ಮುಳುಗಿದ ಗಾಡಿ."

ಅಪ್ಪ ಆ ಮಣ್ಣನ್ನು ಈಸಿಕೊಂಡು ತಿಕ್ಕಿ ಮೂಸಿದ. ವರ್ಷ ವರ್ಷವೂ ಹೊಳೆ ಬಂದು ಹೋದ ಹೊಲ ಉಳುವವನು. "ರೇವೆ ಐತಿ. ಹೊಳೀದು" ಅಂದ. 2019ರ ಆಗಸ್ಟಿನಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ 43 ಅಡಿಗೆ ಅಪಾಯದ ಗುರುತು ಇರುವ ಪಂಚಗಂಗೆ 55 ಅಡಿ ದಾಟಿತ್ತು. ನಮ್ಮಲ್ಲಿ ವೇದಗಂಗೆ ಉಕ್ಕಿ ಅಕ್ಕೋಳ–ಸಿದ್ನಾಳ ಸೇತುವೆ ಮುಳುಗಿತ್ತು. ಯಮಗರ್ಣಿಯ ಬಳಿ ಹೆದ್ದಾರಿಯ ಮೇಲೇ ನೀರು ಬಂದು ಪುಣೆ–ಬೆಂಗಳೂರು ಸಂಚಾರ ದಿನಗಟ್ಟಲೆ ನಿಂತಿತ್ತು. ಅದನ್ನೆಲ್ಲ ಕಣ್ಣಾರೆ ಕಂಡವನು ನಾನು. ನಾಲ್ಕು ತಿಂಗಳ ಮೇಲೆ ಅದೇ ಕೊಲ್ಹಾಪುರಕ್ಕೆ ಹೋಗಿ, ಅಗ್ಗದ ಗಾಡಿಯೊಳಗೆ ಮಲ್ಲಿಗೆ ವಾಸನೆ ಯಾಕಿದೆ ಎಂದು ಕೇಳದೆ ಬಂದವನೂ ನಾನೇ.

ಹೆಡ್ ಇಳಿಸಿ, ಅದನ್ನು ಗೋಣಿಚೀಲದಲ್ಲಿ ಸುತ್ತಿ, ಮೇಸ್ತ್ರಿಯೂ ನಾನೂ ಕೊಲ್ಹಾಪುರದ ಉದ್ಯಮನಗರಕ್ಕೆ ಹೋದೆವು. ಎರಕ, ಬೋರಿಂಗ್, ಗ್ರೈಂಡಿಂಗ್, ಏನು ಬೇಕಾದರೂ ಅಲ್ಲಿ ಆಗುತ್ತದೆ. ಮುರಿದ ಕಬ್ಬಿಣ ಹಿಡಿದು ಹೋದವನು ಬರಿಗೈಲಿ ಬರುವುದಿಲ್ಲ ಎಂಬುದು ನಮ್ಮ ಕಡೆಯ ರೈತರ ನಂಬಿಕೆ. ಅಲ್ಲಿಯ ಕೆಲಸಗಾರ ಹೆಡ್ಡನ್ನು ಬೋರಲು ಹಾಕಿ ಒರೆಸಿ, ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ನಿಲ್ಲಿಸಿ, ಹಿಂದಿನಿಂದ ಬ್ಯಾಟರಿ ಹಚ್ಚಿ "ಬಘಾ" ಅಂದ. ಬಗ್ಗಿ ನೋಡಿದೆ. ಎರಡೂ ತುದಿಗೆ ಪಟ್ಟಿ ಕೂತಿತ್ತು. ನಡುವೆ, ಎರಡನೇ ಮೂರನೇ ಸಿಲಿಂಡರಿನ ಹತ್ತಿರ, ಕೂದಲೆಳೆಯಷ್ಟು ಬೆಳಕು ಹಾಯುತ್ತಿತ್ತು. ಅಲ್ಯೂಮಿನಿಯಂ ಕಾದರೆ ಬೀಡಿಗಿಂತ ಹೆಚ್ಚು ಹಿಗ್ಗುತ್ತದೆ, ಬೋಲ್ಟುಗಳು ಹಿಡಿದಿಟ್ಟಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ಬಾಗಿದ ಹೆಡ್ಡಿನ ಮೇಲೆ, ಹಳೆಯ ಬೋಲ್ಟುಗಳನ್ನೇ ಬಿಗಿದು ಹೊಸ ಗ್ಯಾಸ್ಕೆಟ್ ಕೂರಿಸಿದ್ದರು. ಅದು ಎರಡು ತಿಂಗಳು ತಡೆದದ್ದೇ ಹೆಚ್ಚು. ಒತ್ತಡ ಹಾಕಿ ಬಿರುಕು ನೋಡಬೇಕು, ಫೇಸಿಂಗ್ ಹೊಡೆಯಬೇಕು, ವಾಲ್ವು ಕೂರಿಸಬೇಕು, ಎಂಟು ದಿನ ಬಿಟ್ಟು ಬನ್ನಿ ಎಂದರು.

ಎಂಟನೇ ದಿನ ಮಾರ್ಚ್ 24. ಆ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು.

ಕೊಗನೊಳಿಯಲ್ಲಿ ಗಡಿಗೆ ಬ್ಯಾರಿಕೇಡ್ ಬಿತ್ತು. ನಮ್ಮ ಗಾಡಿ ಕರ್ನಾಟಕದಲ್ಲಿ, ಅದರ ತಲೆ ಮಹಾರಾಷ್ಟ್ರದಲ್ಲಿ. ಗಡಿಯ ಜಗಳವನ್ನು ಹುಟ್ಟಿದಾಗಿನಿಂದ ಕೇಳಿದ್ದೇವೆ, ಎರಡೂ ಭಾಷೆಯಲ್ಲಿ ಬೈಸಿಕೊಂಡಿದ್ದೇವೆ. ಸೋದರಮಾವನ ಮನೆ ಕಾಗಲದ ಕಡೆ, ಅತ್ತೆಮನೆ ಚಿಕ್ಕೋಡಿಯ ಕಡೆ ಇರುವ ನಮಗೆ ಅದೊಂದು ಗೆರೆ ಎಂದು ಯಾವತ್ತೂ ಅನ್ನಿಸಿರಲಿಲ್ಲ. ಆ ಎರಡು ತಿಂಗಳು ಅನ್ನಿಸಿತು. ಗಾಡಿ ಮೇಸ್ತ್ರಿಯ ಶೆಡ್ಡಿನಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಸಿಲಿಂಡರಿಗೆ ತುಕ್ಕು ಹಿಡಿಯಬಾರದೆಂದು ಅವನು ಆಯಿಲ್ ಹಚ್ಚಿ, ಮೇಲೆ ಹಳೆಯ ಲುಂಗಿ ಹೊದಿಸಿದ್ದ. ಆಯಿ ಫೋನಿನಲ್ಲಿ ಯಾರಿಗೋ, "ನಮ್ಮ ಹುಡುಗನ ಗಾಡಿ ಕ್ವಾರಂಟೈನ್ ಆಗೈತಿ" ಎಂದು ಹೇಳುವುದು ಕೇಳಿಸಿತು.

ಗೂಡ್ಸ್ ಗಾಡಿಗಳನ್ನು ಬಿಡುತ್ತಿದ್ದರು. ಜೂನಿನಲ್ಲಿ ತರಕಾರಿ ಇಳಿಸಿ ಖಾಲಿ ಬರುತ್ತಿದ್ದ ಪರಿಚಯದ ಟೆಂಪೊದವನು ಖಾಲಿ ಕ್ರೇಟುಗಳ ನಡುವೆ ಹೆಡ್ ಇಟ್ಟುಕೊಂಡು ಬಂದ. ಕೊತ್ತಂಬರಿ ಎಸಳು ಅಂಟಿದ್ದ ಹೆಡ್ಡನ್ನು ಇಬ್ಬರು ಹಿಡಿದು ಇಳಿಸಿದೆವು. ಅಷ್ಟು ಕನ್ನಡಿಯಂಥ ಕೆಲಸ ನಾನು ನೋಡಿರಲಿಲ್ಲ.

ಅಪ್ಪ ಕಬ್ಬಿನ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ "ಎತ್ತು" ಎಂಬ ತಲೆಬರಹ ಕೊಟ್ಟು ಖರ್ಚು ಬರೆಯುತ್ತಿದ್ದ. ಬೆಂಕಿಯ ಬೆಳಕಿನಲ್ಲಿ ಅಕ್ಕನ ಮಗನಿಗೆ ನಾನು ಬಾಯಿಪಾಠ ಒಪ್ಪಿಸಿದೆ. ಹೆಡ್ಡಿನ ಕೆಲಸ 7,800, ಗ್ಯಾಸ್ಕೆಟ್ ಸೆಟ್ 4,500, ಹೊಸ ಬೋಲ್ಟು 2,200, ರೇಡಿಯೇಟರ್ 8,500, ವಾಟರ್ ಪಂಪ್ 3,200, ಫ್ಯಾನ್ ಕ್ಲಚ್ 4,800, ಇಲ್ಲದ ಥರ್ಮೋಸ್ಟಾಟಿಗೆ 1,100, ಪೈಪುಗಳಿಗೆ 1,900, ಮಜೂರಿ 9,000. ಕೂಡಿಸಿದರೆ 43,000. ಇದು ಮೊದಲ ಸಲವೇ ಆಗಿದ್ದರೆ ಆ 9,500 ಉಳಿಯುತ್ತಿತ್ತು.

"ಆಮ್ಯಾಲ ಸುಮ್ಮ ಆತಲ್ಲ?"

ಎಲ್ಲಿಯ ಸುಮ್ಮ. ಎಂಜಿನ್ನು ಸರಿಹೋದಮೇಲೆ ಅದರ ಸದ್ದಿನಡಿ ಮುಚ್ಚಿಹೋಗಿದ್ದ ಉಳಿದ ನೋವುಗಳೆಲ್ಲ ಕೇಳಿಸತೊಡಗಿದವು. ಕ್ಲಚ್ ಸೆಟ್ಟು, ಬಿಚ್ಚಿ ಕೂರಿಸುವುದು ಸೇರಿ 13,300. ಹಂಪಿನ ಮೇಲೆ ಟಕ್ ಟಕ್ ಅನ್ನುತ್ತಿದ್ದ ಕೆಳಗಿನ ಬಾಲ್ ಜಾಯಿಂಟುಗಳು, ಬುಶ್ಶುಗಳು 6,400. ಈ ಒಂದನ್ನು ಮಾತ್ರ ನಾಳೆ ನೋಡೋಣ ಅನ್ನಬಾರದು, ಅದು ಕಳಚಿದರೆ ಚಕ್ರವೇ ಅಡ್ಡ ಬೀಳುತ್ತದೆ. ಟರ್ಬೊ ಮೊದಲು ಸಿಳ್ಳೆ ಹಾಕುತ್ತಿತ್ತು, ಆಮೇಲೆ ಊಳಿಟ್ಟಿತು. ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವ ಆ ಪುಟ್ಟ ಚಕ್ರಕ್ಕೆ ಆಯಿಲಿನ ತೆಳು ಪದರವೇ ಆಸರೆ. ನಮ್ಮ ಆಯಿಲು ತಿಂಗಳುಗಟ್ಟಲೆ ಮಜ್ಜಿಗೆಯಾಗಿತ್ತು. ಪೂರ್ತಿ ಹೊಸದು ಹಾಕದೆ ಒಳಗಿನ ಕೋರ್ ಮಾತ್ರ ಬದಲಿಸಿ 14,500ಕ್ಕೆ ಮುಗಿಸಿದೆವು. ನಾಲ್ಕು ಟಯರು 30,000. ಎಲ್ಲಕ್ಕಿಂತ ಹೈರಾಣ ಮಾಡಿದ್ದು ವೈರಿಂಗ್. ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಒಮ್ಮೆ ಕೈ ಬೀಸಿ ಮಲಗುತ್ತಿತ್ತು. ನೆಲಹಾಸಿನ ಕೆಳಗಿನ ಜೋಡಣೆಗಳಿಗೆಲ್ಲ ತಾಮ್ರದ ಹಸಿರು ಕಿಲುಬು. ಒಂದೊಂದನ್ನೇ ಬಿಚ್ಚಿ ಉಜ್ಜಿ ಅರ್ಥಿಂಗ್ ಸರಿಮಾಡಿದ್ದಕ್ಕೆ 7,000. ನೀರು ಕುಡಿದ ವೈರಿಗೆ ಪೂರ್ತಿ ಮದ್ದಿಲ್ಲ, ಮಳೆಗಾಲಕ್ಕೊಮ್ಮೆ ಅದು ನೆನಪು ಮಾಡಿಕೊಳ್ಳುತ್ತದೆ.

ಒಂದೂವರೆ ವರ್ಷಕ್ಕೆ ಅಪ್ಪನ ವಹಿಯಲ್ಲಿ ಬಿದ್ದದ್ದು 1,23,700. ಮಹಾರಾಷ್ಟ್ರದ ಎನ್‌ಒಸಿ ತಂದು, ಚಿಕ್ಕೋಡಿ ಆರ್‌ಟಿಒದಲ್ಲಿ ನಮ್ಮ ರಾಜ್ಯದ ತೆರಿಗೆ ಕಟ್ಟಿ ಕೆಎ 23 ಮಾಡಿಸಿದ ಖರ್ಚು ಅದರಲ್ಲಿಲ್ಲ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದ ನಂಬರಿನಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂಬ ಕಾನೂನು ನನಗೆ ಕೊಂಡಮೇಲೆ ಗೊತ್ತಾಯಿತು. ನಿನ್ನ ಮೊಬೈಲಿನ ಗಾಡಿಗೆ ಹದಿನೈದು ವರ್ಷ ಹತ್ತಿರ ಬಂದಿದೆ, ಆಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಮೊದಲು 600 ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ ಎಂದೆ. ಹುಡುಗ ಮೊಬೈಲ್ ಕಿಸೆಗೆ ಹಾಕಿದ. ಬೇಡ ಅಂತ ಅಲ್ಲ, ಬೆಳಿಗ್ಗೆ ಮತ್ತೆ ತೆಗೆಯುತ್ತಾನೆ ಎಂದು ಗೊತ್ತಿತ್ತು. ಹೋಗುವಾಗ ಮೇಸ್ತ್ರಿಯನ್ನು ಕರೆದುಕೊಂಡು ಹೋಗು, ಎಂಜಿನ್ ತಣ್ಣಗಿರುವಾಗ ಹೋಗು, ಬೆಲ್ಟ್ ಪೂರ್ತಿ ಎಳೆ ಎಂದೆ. "ಬುತ್ತಿನೂ ಒಯ್ಯಿ" ಎಂದು ಅಪ್ಪ ಸೇರಿಸಿದ.

ಗಾಡಿ ಇನ್ನೂ ನಮ್ಮಲ್ಲೇ ಇದೆ. ಮಾರಲು ಮನಸ್ಸಾಗಿಲ್ಲ. ಅಷ್ಟು ದುಡ್ಡು ಹಾಕಿದಮೇಲೆ ಅದರ ಒಂದೊಂದು ಬೋಲ್ಟೂ ನೆಂಟನಾಗಿದೆ. ಆಯಿ ಮಾತ್ರ ತವಂದಿಯ ನಂತರ ಒಂದೂವರೆ ವರ್ಷ ಅದನ್ನು ಹತ್ತಲಿಲ್ಲ. ಕರೆದರೆ "ನನಗ ಕ್ರೂಸರ್ ಐತಿ" ಅನ್ನುತ್ತಿದ್ದಳು.

2021ರ ಜುಲೈನಲ್ಲಿ ವೇದಗಂಗೆ ಮತ್ತೆ ಬಂದಳು. ಯಮಗರ್ಣಿಯಲ್ಲಿ ಹೆದ್ದಾರಿ ಮತ್ತೆ ಬಂದ್. ಸಿದ್ನಾಳದ ಸೇತುವೆ ಮತ್ತೆ ನೀರಿನಡಿ. ಮಳೆ ಒಂದಿಷ್ಟು ಬಿಟ್ಟ ಸಂಜೆ ಆಯಿ, "ಹೊಳಿ ಎಲ್ಲಿ ಮಟ ಬಂದೈತಿ ನೋಡಿ ಬರೂಣ ನಡಿ" ಅಂದು ತಾನಾಗಿಯೇ ಮುಂದಿನ ಬಾಗಿಲು ತೆಗೆದು ಕೂತಳು. ನಾನು ಏನೂ ಅನ್ನದೆ ಚಾಲೂ ಮಾಡಿದೆ. ಸೆಲ್ಫ್ ಒಂದೇ ಏಟಿಗೆ ಹಿಡಿಯಿತು. ಕೆಸರಿನಲ್ಲಿ ನಿಧಾನಕ್ಕೆ, ಎರಡನೇ ಗೇರಿನಲ್ಲಿ ಹೋಗಿ, ನೀರು ರಸ್ತೆ ಹತ್ತಿದ ಜಾಗದಿಂದ ದೂರದಲ್ಲೇ ನಿಲ್ಲಿಸಿದೆ. ಕಬ್ಬಿನ ತುದಿಗಳಷ್ಟೇ ಮೇಲೆ ಕಾಣುತ್ತಿದ್ದವು. ಒಂದು ಜಾಲಿ ಮರದ ಟೊಂಗೆಗೆ ಯಾರದೋ ಮನೆಯ ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿತ್ತು.

"ಎಷ್ಟ ನೀರ ನೋಡ ಆಯಿ" ಅಂದೆ.

ಆಯಿ ಹೊಳೆಯತ್ತ ನೋಡುತ್ತಿರಲಿಲ್ಲ. ಕನ್ನಡಕ ಮೂಗಿನ ತುದಿಗಿಳಿಸಿ ಡ್ಯಾಶ್‌ಬೋರ್ಡಿಗೆ ಬಗ್ಗಿದ್ದಳು.

"ಎಷ್ಟೈತೊ?"

"ಡೀಸೆಲ್ಲ? ಅರ್ಧಾ ಟಾಕಿ ಐತಿ."

"ಅದಲ್ಲೊ," ಆಯಿ ಬೆರಳು ಪಕ್ಕದ ಮುಳ್ಳಿಗೆ ಇಟ್ಟಳು, "ನಿನ್ನ ಡೀಸೆಲ್."

ಅದು ನಡುಮಧ್ಯಕ್ಕೆ ನಿಂತಿತ್ತು. ಹೇಳಿದೆ. ಆಯಿ ಬೆರಳು ತೆಗೆಯದೆ ಇನ್ನೊಂದಿಷ್ಟು ಹೊತ್ತು ಅದನ್ನೇ ನೋಡಿದಳು.